ಸೊಂಟದ ಬಟ್ಟಲು

ಲೋಪಾಮುದ್ರಾ ಕಟಕಕ್ಕೆ ಮರಳಿ ಬಂದಾಗಿನಿಂದ ಬಿನೋದಿನಿಗೆ ಊಟ ಸೇರುತ್ತಿರಲಿಲ್ಲ. ಕೇಳಿದವರಿಗೆ ಪಿತ್ತ ಎನ್ನುತ್ತಿದ್ದಳು. ಅದು ಎಂಥ ಪಿತ್ತವೆಂದು ಗಂಡ ಧ್ರುಬಚರಣನಿಗೆ ಮಾತ್ರ ಗೊತ್ತಿತ್ತು. ಅವನು ಗುರುಜಿಯ ನೃತ್ಯಶಾಲೆಯಲ್ಲೇ ಮರ್ದಳ ನುಡಿಸುವವನು. ಮನೆಯಲ್ಲೂ ಶಾಲೆಯಲ್ಲೂ ಹೆಂಡತಿಯ ಮುಖ ನೋಡಿಯೇ ಅವನ ದಿನ ಕಳೆಯುತ್ತಿತ್ತು.

"ಪಖಾಳ ಹಾಗೇ ಬಿಟ್ಟಿದ್ದೀಯಲ್ಲೇ," ಎಂದ ಅವತ್ತು ಮಧ್ಯಾಹ್ನ, ಅವಳ ತಟ್ಟೆಯ ತಂಗಳನ್ನ ನೋಡಿ. "ಅನ್ನಕ್ಕೂ ಮೂಳೆ ಇದೆ ಅಂದಳಾ ನಿನ್ನ ಲೋಪಾ?"

"ನನ್ನ ಲೋಪಾ ಯಾಕಾಗ್ತಾಳೆ? ಗುರುಜಿ ಲೋಪಾ. ಸುಮ್ಮನೆ ಉಣ್ಣಿ."

ಅಂದು ಬೆಳಿಗ್ಗೆ ಲೋಪಾಮುದ್ರಾ ಆಟೋದಲ್ಲಿ ಒಂದು ಅಸ್ಥಿಪಂಜರವನ್ನು ಕೂರಿಸಿಕೊಂಡು ಬಂದಿದ್ದಳು. ಪ್ಲಾಸ್ಟಿಕ್ಕಿನದು, ಆಳೆತ್ತರದ್ದು. ಅದರ ಮಡಿಲಿಗೆ ತನ್ನ ದುಪಟ್ಟಾ ಹೊದಿಸಿದ್ದಳು. ಕಾಠಜೋಡಿ ನದಿಯ ಕಟ್ಟೆಯ ಕಡೆಯಿಂದ ಓಣಿಗೆ ಆಟೋ ತಿರುಗುತ್ತಿದ್ದಂತೆ ಹುಡುಗಿಯರೆಲ್ಲ ಗೆಜ್ಜೆಕಾಲಲ್ಲೇ ಹೊರಗೆ ಓಡಿದರು. ಅದನ್ನು ಇಳಿಸಿಕೊಂಡು ಒಳಗೆ ತರುವಷ್ಟರಲ್ಲಿ ಅದಕ್ಕೊಂದು ಹೆಸರೂ ಬಿದ್ದಿತ್ತು, 'ಮೂಳೆ ಚಿಕ್ಕಪ್ಪ' ಎಂದು. ಬಿನೋದಿನಿ ಗಿನಿ ಎನ್ನುವ ಪುಟ್ಟ ಕಂಚಿನ ತಾಳ ಕೈಯಲ್ಲಿ ಹಿಡಿದುಕೊಂಡು ಖಾಲಿ ಹಾಲಿನಲ್ಲಿ ಒಬ್ಬಳೇ ನಿಂತಿದ್ದಳು. ಅವಳ ಪಾಠ ಅರ್ಧಕ್ಕೆ ನಿಂತಿತ್ತು. ಮೂಲೆಯ ಪೀಠದ ಮೇಲಿದ್ದ ಜಗನ್ನಾಥ ದುಂಡು ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದ.

ಇಬ್ಬರೂ ಗುರು ಆರ್ತತ್ರಾಣ ಬಾರಿಕರ ಕೈಯಲ್ಲಿ ಫ್ರಾಕು ಹಾಕುವ ವಯಸ್ಸಿನಿಂದ ಕಲಿತವರು. ಬಿನೋದಿನಿ ಎರಡು ವರ್ಷ ದೊಡ್ಡವಳು. ಹಾಗಾಗಿ ಲೋಪಾ ಅವಳನ್ನು ಅಪಾ ಎಂದು ಕರೆಯುತ್ತಿದ್ದಳು, ಅಕ್ಕಾ ಎಂದಂತೆ. ತಾಳ, ಹೆಜ್ಜೆ, ಪದ್ಯದ ಅರ್ಥ ಎಲ್ಲ ಬಿನೋದಿನಿಗೆ ಮೊದಲು ಬರುತ್ತಿದ್ದವು. ಆದರೆ ಒಡಿಸ್ಸಿಯಲ್ಲಿ ಎಲ್ಲಕ್ಕೂ ತಳಪಾಯ ಚೌಕ. ಮಂಡಿ ಬಗ್ಗಿಸಿ, ತೊಡೆಗಳನ್ನು ಎರಡು ಪಕ್ಕಕ್ಕೆ ಬಾಗಿಲಿನಂತೆ ತೆರೆದು, ಜಗನ್ನಾಥನ ಹಾಗೆ ಚಚ್ಚೌಕವಾಗಿ ಕೂರಬೇಕು. ಲೋಪಾಳ ತೊಡೆಗಳು ಮೊದಲ ದಿನವೇ ಹೂವಿನ ಹಾಗೆ ತೆರೆದುಕೊಂಡವು. ಬಿನೋದಿನಿಯವು ತೆರೆಯಲಿಲ್ಲ. ಬೆಳಗಿನ ಜಾವ ಎದ್ದು ಗೋಡೆಗೆ ಮುಖ ಮಾಡಿ ಕೂತು ಅಭ್ಯಾಸ ಮಾಡಿದರೂ ತೆರೆಯಲಿಲ್ಲ. ಗುರುಜಿ ಅವಳನ್ನು ಕಪ್ಪೆಯ ಹಾಗೆ ಬೋರಲು ಮಲಗಿಸಿ, ಮೇಲೇಳುವ ತೊಡೆಗಳ ಮೇಲೆ ಹತ್ತಿ ನಿಲ್ಲುತ್ತಿದ್ದರು. "ಮನಸ್ಸಿನಲ್ಲಿ ಭಕ್ತಿ ಇದ್ರೆ ಮೈ ತೆರೆಯುತ್ತೆ. ನಿನ್ನ ಮನಸ್ಸೇ ಮುಚ್ಚಿದೆ," ಎನ್ನುತ್ತಿದ್ದರು. ಅವಳು ಚಾಪೆಯ ಅಂಚು ಕಚ್ಚಿಕೊಂಡು ನೋವು ನುಂಗುತ್ತಿದ್ದಳು.

ವೇದಿಕೆಯ ನಡುವಿನ ಜಾಗ ಲೋಪಾಳಿಗೆ ಸಿಕ್ಕಿತು. ದೆಹಲಿ, ಮದ್ರಾಸುಗಳಿಗೆ ಗುರುಜಿಯೊಂದಿಗೆ ಹೋದವಳೂ ಅವಳೇ. ಒಂದು ದಿನ ಹಿಮ್ಮಡಿಯ ನರ ಹರಿದು ನೃತ್ಯ ನಿಂತಾಗ, ಅವಳು ಓದು ಹಿಡಿದು ವಿಲಾಯತಿಗೆ ಹೋಗಿ ದೇಹದ ಚಲನೆಯ ಶಾಸ್ತ್ರ ಕಲಿತಳು. ಬಿನೋದಿನಿ ಇಲ್ಲೇ ಉಳಿದಳು. ಹೊಸದಾಗಿ ಬರುವ ಮಕ್ಕಳಿಗೆಲ್ಲ ಮೊದಲ ಪಾಠ ಹೇಳಿದವಳು ಅವಳು. ಗುರುಜಿಯ ಹೆಂಡತಿ ಗುರುಮಾ ಹಾಸಿಗೆ ಹಿಡಿದಾಗ ಮೈ ಒರೆಸಿ ಗಂಜಿ ಕುಡಿಸಿದವಳೂ ಅವಳೇ. ಗುರುಜಿಯ ನಂತರ ಈ ಶಾಲೆ ತನ್ನದೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇಲ್ಲವೆಂದು ಅವಳು ತಿಳಿದಿದ್ದಳು. ಈಗ ನೋಡಿದರೆ ಗುರುಜಿಯೇ ಕಾಗದ ಬರೆದು ಲೋಪಾಳನ್ನು ಕರೆಸಿಕೊಂಡಿದ್ದರು.

ವಾರಕ್ಕೊಂದು ಪಾಠ ಅವಳದು. ಮೊದಲ ದಿನ ಬಿನೋದಿನಿ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಒಳಗೆ ಕರೆದರೂ ಹೋಗಲಿಲ್ಲ.

ಲೋಪಾ ಅಸ್ಥಿಪಂಜರದ ಕಾಲನ್ನು ಸೊಂಟದಿಂದ ಕಳಚಿ ಕೈಗೆ ತೆಗೆದುಕೊಂಡಳು. "ಇದು ತೊಡೆಮೂಳೆ. ತುದಿಯಲ್ಲಿ ಈ ಗುಂಡು. ಇದು ಸೊಂಟದ ಬಟ್ಟಲು. ಗುಂಡು ಬಟ್ಟಲಲ್ಲಿ ತಿರುಗಿದ್ರೆ ತೊಡೆ ತೆರೆಯುತ್ತೆ. ಈ ಬಟ್ಟಲು ಕೆಲವರಿಗೆ ಪಕ್ಕಕ್ಕೆ ಮುಖ ಮಾಡಿರುತ್ತೆ, ಕೆಲವರಿಗೆ ಮುಂದಕ್ಕೆ. ಮುಂದಕ್ಕಿದ್ದವರಿಗೆ ಸ್ವಲ್ಪ ತಿರುಗೋದ್ರಲ್ಲೇ ಮೂಳೆಗೆ ಮೂಳೆ ತಾಗಿ ನಿಂತುಬಿಡುತ್ತೆ."

"ಅಭ್ಯಾಸ ಮಾಡಿದ್ರೆ ಸರಿಹೋಗಲ್ವಾ ಅಪಾ?" ಎಂದು ಕೇಳಿದ್ದು ಟುಕು. ಕಾನುಂಗೋ ಮನೆಯ ಹುಡುಗಿ, ಹದಿನಾಲ್ಕರವಳು, ಬಿನೋದಿನಿಯ ಶಿಷ್ಯೆಯರಲ್ಲೆಲ್ಲ ಚುರುಕಾದವಳು. ಚೌಕ ಮಾತ್ರ ಬಿಗಿ.

"ಸ್ನಾಯು ಅಭ್ಯಾಸದಿಂದ ಪಳಗುತ್ತೆ ಮಾ. ಹುಟ್ಟಿನಿಂದ ಬಂದ ಮೂಳೆಯ ಆಕಾರ ಬದಲಾಗಲ್ಲ. ಹಟಕ್ಕೆ ಪಾದ ಮಾತ್ರ ಪಕ್ಕಕ್ಕೆ ತಿರುಗಿಸಿದ್ರೆ ಸೊಂಟ ಮಾಡ್ಬೇಕಾದ ಕೆಲಸಾನ ಮಂಡಿ ಮಾಡುತ್ತೆ. ಆಮೇಲೆ ಆ ಮಂಡಿ ಜೀವನಪೂರ್ತಿ ಬೈಯುತ್ತೆ."

"ಹಾಗಾದ್ರೆ ನಂದು ಸೋಮಾರಿತನ ಅಲ್ವಾ?"

"ಯಾರು ಹೇಳಿದ್ರು ಸೋಮಾರಿತನ ಅಂತ?"

ಟುಕು ಬಾಗಿಲ ಕಡೆ ನೋಡಿ ತಟ್ಟನೆ ತಲೆ ತಗ್ಗಿಸಿದಳು.

ಬಿನೋದಿನಿಗೆ ಕಿವಿಯೊಳಗೆ ಬಿಸಿ ಎಣ್ಣೆ ಹೊಯ್ದಂತಾಯಿತು. ಬಟ್ಟಲು! ಒಂದು ಬಟ್ಟಲು ಯಾವ ಕಡೆ ಮುಖ ಮಾಡಿದೆ ಎನ್ನುವುದಷ್ಟೇ! ಇಷ್ಟು ವರ್ಷ ತಾನು ಭಕ್ತಿ ಸಾಲದವಳೆಂದು ನಂಬಿ, ಸೋಮವಾರ ಉಪವಾಸ ಮಾಡಿ, ಪುರಿಯವರೆಗೆ ಬರಿಗಾಲಲ್ಲಿ ನಡೆದು ಬಂದದ್ದು ಒಂದು ಮೂಳೆಗಾಗಿಯೇ? ಹಾಗಾದರೆ ಲೋಪಾಳ ಹೆಸರು, ಅವಳ ಹಾರ ತುರಾಯಿ, ಅದೂ ಬರೀ ಒಂದು ಮೂಳೆಯೇ ತಾನೆ? ಇದು ತಿಳಿದು ಅವಳ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಯಾರ ಬಟ್ಟಲು ಪಕ್ಕಕ್ಕಿತ್ತೋ ಅವಳ ಬಾಯಲ್ಲೇ ಇದನ್ನು ಕೇಳಬೇಕಾಯಿತಲ್ಲ ಎಂದು ಉರಿಯಿತು. ಹುಟ್ಟಿನಿಂದ ತುಂಬಿದ ತಟ್ಟೆ ಸಿಕ್ಕವಳು ಹಸಿವಿನ ಮೇಲೆ ಪಾಠ ಮಾಡುತ್ತಿದ್ದಾಳೆ ಎನ್ನಿಸಿತು.

ಮರುದಿನ ಅವಳು ಚಹಾ ತೆಗೆದುಕೊಂಡು ಹೋದಾಗ ಗುರುಜಿ ಅಸ್ಥಿಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಎಂಬತ್ತು ಹತ್ತಿರವಾದ ಆ ಕೈಗಳು ಸೊಂಟದ ಬಟ್ಟಲನ್ನು ಒಳಗೂ ಹೊರಗೂ ತಡವುತ್ತಿದ್ದವು.

"ನೋಡು ಬಿನು, ಎಷ್ಟು ಚೆಂದ ಮಾಡಿದ್ದಾನೆ ಭಗವಂತ," ಎಂದರು. "ಈ ಲೋಪಾ ಇಷ್ಟು ಕಲಿತು ಬಂದಿದ್ದಾಳೆ. ಹನ್ನೆರಡು ವರ್ಷದವಳಿದ್ದಾಗ ಅವಳ ಕೈ ಹ್ಯಾಗಿತ್ತು ನೆನಪಿದೆಯಾ? ಕೊಕ್ಕರೆ ರೆಕ್ಕೆ ಮಡಚಿದ ಹಾಗೆ. ಬಾರಾಬಟಿ ಮೈದಾನದ ಆ ಕಾರ್ಯಕ್ರಮ, ಆ ನೀಲಿ ಸೀರೆ..."

ಬಿನೋದಿನಿ ಲೋಟ ಕೆಳಗಿಟ್ಟಳು. ಎಂದೂ ಕೇಳದ ಮಾತು ಅವತ್ತು ಬಾಯಿಂದ ಜಾರಿತು. "ನನ್ನ ತೊಡೆ ಮೇಲೆ ನೀವು ನಿಲ್ತಿದ್ದದ್ದು ನೆನಪಿದೆಯಾ ಗುರುಜಿ?"

ಗುರುಜಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನಿಜವಾಗಿಯೂ ನೆನಪಿಸಿಕೊಳ್ಳಲು ಹೆಣಗಿದರು. "ನಿಲ್ತಿದ್ನಾ?" ಎಂದರು.

ಅಷ್ಟೇ. ಅವಳು ಖಾಲಿ ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. ಲೋಪಾಳ ನೀಲಿ ಸೀರೆ ಇವರಿಗೆ ನೆನಪಿದೆ. ನನ್ನ ಕಣ್ಣೀರು ನೆನಪಿಲ್ಲ.

ಅದೇ ಸಂಜೆ ಅವಳು ಡೋಲಮುಂಡೈ ಕಡೆ ಹೋಗಿ ಮೊಸರುವಡೆಯಂಥ ದಹಿಬರಾ, ಜೊತೆಗೆ ಆಲೂದಮ್ ಕಟ್ಟಿಸಿಕೊಂಡು ಕಾನುಂಗೋ ಮನೆಯ ಬಾಗಿಲು ತಟ್ಟಿದಳು. ಟುಕುವಿನ ತಾಯಿ ಅನ್ನಪೂರ್ಣಾ ಮಾತಿನಲ್ಲಿ ಮುಂದು, ಓಣಿಯ ತಾಯಂದಿರಿಗೆಲ್ಲ ಮುಂದಾಳು. ಬಿನೋದಿನಿ ದೊಡ್ಡ ಸುಳ್ಳೇನೂ ಹೇಳಲಿಲ್ಲ.

"ನಂಗೇನಪ್ಪಾ, ಕಲಿತವರು ಏನೋ ಮಾಡ್ತಾರೆ. ಆದ್ರೆ ಜಗನ್ನಾಥನ ಎದುರಿಗೇ ಆ ಹೆಣದ ಎಲುಬು ನಿಲ್ಲಿಸಿದ್ದಾರೆ, ಎಳೇ ಮಕ್ಕಳು ಅದನ್ನ ಮುಟ್ತಾವೆ. ಮನೆಗೆ ಬಂದು ದೇವರ ದೀಪಾನೂ ಅದೇ ಕೈಲಿ ಹಚ್ಚುತ್ತವಲ್ಲ, ಅಂತ ಸಂಕಟ. ಮತ್ತೆ ಟುಕುಗೆ ಸೊಂಟದ ಮೂಳೆನೇ ಸರಿ ಇಲ್ವಂತೆ. ನಿಮಗೆ ಹೇಳಿದ್ಲಾ?"

"ಮೂಳೆ ಸರಿ ಇಲ್ವಂತಾ? ನನ್ನ ಮಗಳಿಗಾ?" ಅನ್ನಪೂರ್ಣಾಳ ಕೈಯ ಚಮಚ ಅಲ್ಲೇ ನಿಂತಿತು. "ನಾಳೆ ಹೆಣ್ಣು ನೋಡೋಕೆ ಬಂದವರ ಕಿವಿಗೆ ಇದು ಬಿದ್ರೆ?"

"ಅದಕ್ಕೇ ಹೇಳಿದ್ದು. ನನ್ನ ಹೆಸರು ಮಾತ್ರ ಎಲ್ಲೂ ಎತ್ತಬೇಡಿ."

ಒಣಹುಲ್ಲಿಗೆ ಕಿಡಿ ತಾಗಿದ ಹಾಗಾಯಿತು. ಎರಡೇ ದಿನದಲ್ಲಿ ತಾಯಂದಿರು ಗುಂಪುಗೂಡಿ ಗುರುಜಿಯ ಅಂಗಳಕ್ಕೆ ಬಂದರು. ಗುರುಜಿ ಎಲ್ಲರ ಮಾತೂ ಕೇಳಿ, "ಬರೋ ಭಾನುವಾರ ಎಲ್ಲರೂ ಕೂತು ಮಾತಾಡೋಣ, ಅಲ್ಲೀವರೆಗೆ ಮೂಳೆ ಪಾಠ ಬೇಡ," ಎಂದರು. ಲೋಪಾ ಅಸ್ಥಿಪಂಜರವನ್ನು ಜಗಲಿಯ ಕೋಣೆಗೆ ಸಾಗಿಸಿ ಮೇಲೊಂದು ಹಳೆಯ ಸೀರೆ ಹೊದಿಸಿದಳು. ಹಾದು ಹೋಗುವಾಗ ಬಿನೋದಿನಿಯನ್ನು ನೋಡಿ, "ಯಾರು ಹಚ್ಚಿಕೊಟ್ಟರೋ ಅಪಾ, ಬೆಂಕೀನ," ಎಂದಳು. ಆ ದನಿಯಲ್ಲಿ ಗುಮಾನಿ ಇರಲಿಲ್ಲ. ಬಿನೋದಿನಿಗೆ ಅದೇ ಹೆಚ್ಚು ಚುಚ್ಚಿತು. ಆದರೂ ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

"ಪಿತ್ತ ಇಳೀತಾ?" ಎಂದ ಧ್ರುಬಚರಣ.

"ಇಳೀತು."

"ದಹಿಬರಾ ಪಿತ್ತಕ್ಕೆ ಒಳ್ಳೇದು ಅಂತ ಕೇಳಿರಲಿಲ್ಲಪ್ಪ," ಎಂದು ಅವನು ಕೈ ತೊಳೆಯಲು ಎದ್ದ.

ಶನಿವಾರ ಅವಳು ಎಂದಿಗಿಂತ ಬೇಗ ಶಾಲೆಗೆ ಹೋದಳು. ಹಾಲಿನ ಒಳಗಿನಿಂದ ಪಿಸುಮಾತು, ನಗು, ನಡುನಡುವೆ ಯಾರೋ ಉಸಿರು ಬಿಗಿಹಿಡಿದ ಸದ್ದು. ಇಣುಕಿ ನೋಡಿದರೆ ಟುಕು ಚಾಪೆಯ ಮೇಲೆ ಕಪ್ಪೆಯಂತೆ ಬೋರಲು ಮಲಗಿದ್ದಳು. ಅವಳ ತೊಡೆಗಳ ಮೇಲೆ ಗೆಳತಿಯೊಬ್ಬಳು ಗೋಡೆ ಹಿಡಿದುಕೊಂಡು ಹತ್ತಿ ನಿಂತಿದ್ದಳು. ಟುಕುವಿನ ಹಲ್ಲುಗಳ ನಡುವೆ ದುಪಟ್ಟಾದ ತುದಿಯಿತ್ತು.

"ಇಳೀ! ಇಳಿಯೇ ಕೆಳಗೆ!"

ಆ ಕೂಗಿಗೆ ಮೇಲಿದ್ದವಳು ಜಾರಿ ಕೂತೇ ಬಿಟ್ಟಳು. ಟುಕು ಎದ್ದು ಕೂರಲು ಹೋಗಿ ಸೊಂಟ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಯಾರು ಹೇಳಿಕೊಟ್ಟದ್ದು ಇದನ್ನ?"

"ನೀವೇ ಹೇಳಿದ್ರಲ್ಲಾ ಅಪಾ. ನಿಮ್ಮ ಕಾಲದಲ್ಲಿ ಹೀಗೆ ಮಾಡ್ತಿದ್ದರು, ಅದಕ್ಕೇ ಗಟ್ಟಿ ಆದ್ವಿ ಅಂತ," ಎಂದಳು ಟುಕು. "ಲೋಪಾ ಅಪಾ ಹೊರಟು ಹೋಗ್ತಾರಂತೆ. ಇನ್ನು ನಿಮ್ಮ ಚೌಕವೇ ಅಲ್ವಾ? ನೋಡಿ, ನಿನ್ನೆಗಿಂತ ಇವತ್ತು ಸ್ವಲ್ಪ ಕೆಳಗೆ ಹೋಗಿದ್ದೀನಿ."

ಬಿನೋದಿನಿ ಅವಳ ಪಕ್ಕ ಕುಳಿತು ಕೈ ಮುಂದೆ ಮಾಡಿದಳು. ಎಲ್ಲಿ ನೋಯುತ್ತದೆ ಎಂದು ಕೇಳಬೇಕಾಗಲಿಲ್ಲ. ಬೆರಳು ತಾನಾಗಿ ತೊಡೆಸಂದಿಯ ಆ ಜಾಗಕ್ಕೆ ಹೋಯಿತು. ಟುಕು "ಅಮ್ಮಾ" ಎಂದು ಹಿಂದೆ ಸರಿದಳು. ಅದೇ ಜಾಗ ಬಿನೋದಿನಿಗೂ ನೋಯುತ್ತಿತ್ತು. ಮೆಟ್ಟಿಲು ಹತ್ತುವಾಗ, ರಿಕ್ಷಾದಿಂದ ಇಳಿಯುವಾಗ, ಮಗ್ಗುಲು ಬದಲಿಸುವಾಗ. ವಾತ ಎಂದು ಅವಳು ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಭಾನುವಾರ ತಾಯಂದಿರೆಲ್ಲ ಹಾಲಿನ ಜಮಖಾನದ ಮೇಲೆ ಕುಳಿತರು. ಗುರುಜಿ ತಮ್ಮ ಮಂಚದ ಮೇಲೆ, ಲೋಪಾ ಕಿಟಕಿಯ ಬಳಿ. ಬಿನೋದಿನಿ ಕಂಬದ ಹಿಂದೆ ಕುಳಿತಿದ್ದಳು.

ಅನ್ನಪೂರ್ಣಾ ಎದ್ದು ನಿಂತಳು. "ನೃತ್ಯ ಕಲಿಯೋಕೆ ಕಳಿಸ್ತೀವಿ ಗುರುಜಿ, ಡಾಕ್ಟರ್ ಆಗೋಕಲ್ಲ. ದೇವರ ಎದುರಿಗೆ ಎಲುಬು ಯಾಕೆ?"

ಗುರುಜಿ ಜಗನ್ನಾಥನ ಕಡೆ ನೋಡಿದರು. "ಕೈಕಾಲೇ ಇಲ್ಲದೆ ಮೂರು ಲೋಕ ಆಳೋನು ಅವನು. ಪ್ಲಾಸ್ಟಿಕ್ ಎಲುಬಿಗೆ ಹೆದರ್ತಾನಾ ಮಾ?"

ಕೆಲವರು ನಕ್ಕರು. ಅನ್ನಪೂರ್ಣಾಗೆ ಕೆಂಡ ತುಳಿದಂತಾಯಿತು. "ನಮ್ಮನ್ನ ನೋಡಿ ನಗಬೇಡಿ. ಇದನ್ನ ನಾವು ಹುಟ್ಟಿಸಿಕೊಂಡು ಹೇಳ್ತಿಲ್ಲ. ನಿಮ್ಮ ಬಿನೋದಿನಿಯವರೇ ನಮ್ಮನೆಗೆ ಬಂದು ಸಂಕಟ ಹೇಳ್ಕೊಂಡ್ರು. ನನ್ನ ಮಗಳಿಗೆ ಮೂಳೆ ದೋಷ ಅಂದದ್ದೂ ಅವರೇ. ಕೇಳಿ ಬೇಕಾದ್ರೆ, ಅಲ್ಲೇ ಕಂಬದ ಹಿಂದೆ ಇದ್ದಾರೆ."

ಲೋಪಾ ತಿರುಗಿ ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ, ಯಾಕೆಂದು ತಿಳಿಯದವಳ ನೋಟ. ಧ್ರುಬಚರಣ ಮರ್ದಳದ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ.

ಬಿನೋದಿನಿ ಕಂಬ ಹಿಡಿದುಕೊಂಡು ಎದ್ದಳು. ಇಲ್ಲವೆನ್ನಬಹುದಿತ್ತು. ಅಥವಾ ಹೌದು, ಧರ್ಮಕ್ಕಾಗಿ ಹೇಳಿದೆ ಎನ್ನಬಹುದಿತ್ತು. ಹಾಗೆಂದಿದ್ದರೆ ಅರ್ಧ ಸಭೆ ಅವಳ ಕಡೆಯೇ ಇರುತ್ತಿತ್ತು. ಆದರೆ ಎದುರಿಗೆ ಟುಕು ತೊಡೆಸಂದಿಗೆ ಕೈ ಒತ್ತಿಕೊಂಡು, ಒಂದು ಕಾಲು ಚಾಚಿ ಕುಳಿತಿದ್ದಳು.

"ಹೇಳಿದೆ," ಎಂದಳು. "ಹೊಟ್ಟೆಕಿಚ್ಚಿಗೆ ಹೇಳಿದೆ. ಲೋಪಾ ಬಂದಾಗಿನಿಂದ ನನ್ನ ಹೊಟ್ಟೆ ಉರೀತಿದೆ. ಈಗಲೂ ಉರೀತಿದೆ. ಆದ್ರೆ ಅವಳು ಹೇಳೋದು ನಿಜ."

ಆಮೇಲೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎಲ್ಲರ ನಡುವೆ ಬಂದು ಚೌಕಕ್ಕೆ ಕುಳಿತಳು. ಎಂದಿನಂತೆಯೇ ಕುಳಿತಳು, ಪಾದಗಳು ಪೂರ್ತಿ ಪಕ್ಕಕ್ಕೆ, ಬೆನ್ನು ನೆಟ್ಟಗೆ. "ಅನ್ನಪೂರ್ಣಾ, ನನ್ನ ಮಂಡಿ ನೋಡಿ. ಪಾದ ಎಲ್ಲಿಗೆ ತಿರುಗಿದೆ, ಮಂಡಿ ಎಲ್ಲಿಗೆ ತಿರುಗಿದೆ? ಎರಡೂ ಬೇರೆ ಬೇರೆ ಕಡೆ. ಹೀಗೇ ನಲವತ್ತು ವರ್ಷ ಕೂತಿದ್ದೀನಿ. ಇವತ್ತು ನಂಗೆ ಮೆಟ್ಟಿಲು ಹತ್ತೋಕಾಗಲ್ಲ. ನಿಮ್ಮ ಟುಕು ನಿನ್ನೆ ಗೆಳತೀನ ತೊಡೆ ಮೇಲೆ ನಿಲ್ಲಿಸ್ಕೊಂಡು ಹಲ್ಲು ಕಚ್ಚಿ ಮಲಗಿದ್ಲು. ನನ್ನಿಂದ ಬೈಸಿಕೋಬಾರದು ಅಂತ. ಅವಳ ಮೂಳೇಲಿ ದೋಷ ಇಲ್ಲ. ದೋಷ ನಮ್ಮ ಪಾಠದಲ್ಲಿತ್ತು."

ಅನ್ನಪೂರ್ಣಾ ಮಗಳ ಕಡೆ ತಿರುಗಿದಳು. "ಹೌದೇನೇ?" ಟುಕು ಅಳತೊಡಗಿದಳು. ತಾಯಿ ಅವಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು.

"ನನ್ನ ಗುರು ನನ್ನ ಮೇಲೆ ನಿಲ್ತಿದ್ರು," ಎಂದರು ಗುರುಜಿ. "ಏಳು ವರ್ಷದ ಹುಡುಗ ಆಗ. ಅದು ನೆನಪಿದೆ. ನಿನ್ನ ಮೇಲೆ ನಾನು ನಿಂತದ್ದು ನೆನಪಿಲ್ಲ ಬಿನು. ಆದ್ರೆ ನಿಂತಿರ್ತೀನಿ." ಆಮೇಲೆ ಕೈ ಚಾಚಿ, "ಎದ್ದೇಳು ಮಾ, ಕೂತಿರಬೇಡ ಹಾಗೆ," ಎಂದರು.

ಅವಳಿಗೆ ಏಳಲಾಗಲಿಲ್ಲ. ಲೋಪಾ ಬಂದು ತೋಳು ಕೊಟ್ಟು ಎಬ್ಬಿಸಿದಳು, ಜಗಲಿಯ ಕೋಣೆಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದಳು. ಮಂಡಿ ಮಡಚಿ ಕಾಲನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿದಳು. ಕಾಲು ಸ್ವಲ್ಪ ದೂರ ಹೋಗಿ ಕಲ್ಲಿಗೆ ತಾಗಿದಂತೆ ನಿಂತಿತು. ಇನ್ನೊಂದೂ ಅಷ್ಟೇ.

"ಇಷ್ಟೇನಾ?" ಎಂದಳು ಲೋಪಾ. "ಅಪಾ, ಇಷ್ಟೇ ತಿರುಗೋ ಕಾಲಿಟ್ಕೊಂಡು ನೀನು ಅಷ್ಟೆಲ್ಲ ಹ್ಯಾಗೆ ಕುಣಿದೆ?"

"ಹೊಗಳಬೇಡ. ಇನ್ನೂ ಸಿಟ್ಟಿದೆ ನಂಗೆ."

"ನಂಗೂ ಇದೆ. ಅನ್ನಪೂರ್ಣಾ ಮನೆಗೆ ದಹಿಬರಾ ತಗೊಂಡು ಹೋಗಿದ್ಯಂತೆ. ನಾನು ಬಂದು ಇಷ್ಟು ದಿನ ಆಯ್ತು, ನಂಗೊಂದು ಲೋಟ ಚಹಾ ಕೊಟ್ಟಿಲ್ಲ ನೀನು."

ಬಿನೋದಿನಿ ಚಾವಣಿ ನೋಡುತ್ತ ಮಲಗಿದ್ದಳು. "ಇದನ್ನ ಆಗಲೇ ಯಾರಾದ್ರೂ ಹೇಳಿದ್ದಿದ್ರೆ," ಎಂದಳು.

"ಹೇಳಿದ್ದಿದ್ರೆ?"

"ಏನಿಲ್ಲ. ಪುರಿಗೆ ಬಸ್ಸಲ್ಲಿ ಹೋಗ್ತಿದ್ದೆ."

ಲೋಪಾ ನಗು ತಡೆಯಲಾರದೆ ಅವಳ ಮಂಡಿಯ ಮೇಲೆ ಹಣೆಯಿಟ್ಟಳು. ಬಿನೋದಿನಿಗೆ ನಗು ಬರಲಿಲ್ಲ. ಆದರೆ ಕಾಲನ್ನು ಎಳೆದುಕೊಳ್ಳಲೂ ಇಲ್ಲ.

ಬಿನೋದಿನಿಯ ಸೊಂಟದ ಎಕ್ಸ್‌ರೇ ತೆಗೆಸಿದರು. ಬಟ್ಟಲಿನ ಅಂಚು ಸವೆದಿತ್ತು. ಕುಣಿಯಬಹುದು, ಆದರೆ ಇನ್ನು ಮುಂದೆ ಮೈ ಒಪ್ಪುವಷ್ಟೇ ಎಂದರು ವೈದ್ಯರು. ಮೂಳೆ ಪಾಠ ಮತ್ತೆ ಶುರುವಾಯಿತು. ಬಿನೋದಿನಿ ಹುಡುಗಿಯರ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು ಕೇಳಿದಳು. ತಕರಾರೂ ತೆಗೆದಳು. ಎಲ್ಲರೂ ಅವರವರ ಬಟ್ಟಲಿಗೆ ತಕ್ಕಂತೆ ಕೂತರೆ ಒಂದೇ ಸಾಲಿನಲ್ಲಿ ಎಂಟು ಥರದ ಚೌಕ ಕಾಣಿಸುತ್ತದೆ, ನೋಡಲು ಜಾತ್ರೆಯಾಗುತ್ತದೆ ಎಂದಳು. ವಾದ ಮಾಡಿ ಮಾಡಿ, ಕೊನೆಗೆ ಪಾದದ ಅಗಲ ಬೇರೆಯಿದ್ದರೂ ತೋಳಿನ ಎತ್ತರ ಮತ್ತು ಬೆನ್ನಿನ ಗೆರೆ ಎಲ್ಲರದೂ ಒಂದೇ ಇರಬೇಕೆಂದು ಅವಳೇ ದಾರಿ ಕಂಡುಕೊಂಡಳು. ಲೋಪಾಳಿಗೆ ಅದು ಹೊಳೆದಿರಲಿಲ್ಲ. ಅದನ್ನು ಅವಳು ಒಪ್ಪಿಕೊಂಡಾಗ ಬಿನೋದಿನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮಾಘದಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯಿತು. ಟುಕು ನಡುವಿನ ಜಾಗದಲ್ಲಿ ಕುಣಿದಳು. ಅವಳ ಚೌಕ ಅಗಲವಾಗಿರಲಿಲ್ಲ, ಆದರೆ ಅಲುಗಲಿಲ್ಲ. ಕಲ್ಲಿನಲ್ಲಿ ಕೊರೆದಂತೆ ಕೂತು, ಅಲ್ಲಿಂದ ಹಗುರಾಗಿ ಏಳುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ಗುರುಜಿ ಮೈಕು ಹಿಡಿದು, ಈ ಹೊಸ ವಿದ್ಯೆ ತಂದ ಮಗಳು ಲೋಪಾಮುದ್ರಾ ಎಂದು ಬಾಯ್ತುಂಬ ಹೇಳಿ, ಶಾಲು ಹೊದಿಸಿ, ಕೆಳಗಿಳಿದರು. ಬೇರೆ ಯಾರ ಹೆಸರೂ ಬರಲಿಲ್ಲ.

ಪರದೆಯ ಪಕ್ಕದಲ್ಲಿದ್ದ ಬಿನೋದಿನಿಯ ಹೊಟ್ಟೆಯಲ್ಲಿ ಹಳೆಯ ಬೆಂಕಿ ಧಗ್ಗೆಂದಿತು. ಹಿಂದಾಗಿದ್ದರೆ ಅವಳು ತಟ್ಟೆ ಲೋಟ ಎತ್ತಿಡುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದಳು. ಅವತ್ತು ನೇರವಾಗಿ ಗುರುಜಿಯ ಮುಂದೆ ಹೋಗಿ ನಿಂತಳು.

"ನನ್ನ ಹೆಸರು ಬಿಟ್ಟಿರಿ ಗುರುಜಿ."

"ಆಂ?"

"ಟುಕುಗೆ ಆರು ವರ್ಷದಿಂದ ಪಾಠ ಹೇಳಿದ್ದು ನಾನು. ನನ್ನ ಹೆಸರು ಹೇಳಲಿಲ್ಲ ನೀವು."

ಗುರುಜಿ ಗಾಬರಿಯಾದರು. ಮರುಕ್ಷಣವೇ ಕೋಲು ಊರಿಕೊಂಡು ಮತ್ತೆ ವೇದಿಕೆ ಹತ್ತಿದರು. ಅಷ್ಟರಲ್ಲಿ ಮುಂದಿನ ಪದ ಶುರುವಾಗಿತ್ತು, ಪುಟ್ಟ ಮಕ್ಕಳು ಕೈ ಮುಗಿದು ಸಾಲಾಗಿ ಬರುತ್ತಿದ್ದರು. ಗುರುಜಿ ಅವರ ನಡುವೆಯೇ ನುಗ್ಗಿ, ಕೈಯೆತ್ತಿ ಧ್ರುಬಚರಣನ ಮರ್ದಳ ನಿಲ್ಲಿಸಿ, ಮೈಕಿಗಾಗಿ ತಡಕಾಡಿದರು.

"ತಡೀರಿ, ತಡೀರಿ," ಎಂದರು. "ಒಂದು ಹೆಸರು ಮರೆತೆ. ಬಿನೋದಿನಿ ಬೆಹೆರಾ. ಇಲ್ಲಿ ಕುಣಿಯೋ ಮಕ್ಕಳಿಗೆಲ್ಲ ಮೊದಲ ಹೆಜ್ಜೆ ಹೇಳಿಕೊಟ್ಟವಳು. ಬಾ ಮಾ, ಬಾ ಇಲ್ಲಿ. ಶಾಲು ಒಂದೇ ತಂದಿದ್ದೆ, ಅದು ಮುಗೀತು."

ಜನ ಗೊಳ್ಳೆಂದು ನಕ್ಕರು. ಬಿನೋದಿನಿಯ ಮುಖ ಕಿವಿಯವರೆಗೂ ಕೆಂಪಾಯಿತು. ಲೋಪಾ ಹಿಂದಿನಿಂದ ಬೆನ್ನಿಗೆ ಕೈಕೊಟ್ಟು, "ಹೋಗು ಅಪಾ, ಮಕ್ಕಳು ಕಾಯ್ತಿದ್ದಾವೆ," ಎಂದು ದೂಡಿದಳು.

"ದೂಡಬೇಡ, ಹೋಗ್ತೀನಿ," ಎಂದು ಗದರಿ ಬಿನೋದಿನಿ ಸೆರಗು ಸರಿಮಾಡಿಕೊಂಡಳು. ನೋವಿದ್ದ ಕಾಲನ್ನು ಜೋಪಾನವಾಗಿ ಇಡುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಬೆಳಕಿಗೆ ಬಂದಳು.